ನಿಲ್ದಾಣ ಮೊದಲೋ, ಊರು ಮೊದಲೋ

ಜಪಾನಿನ ಓಸಾಕಾ ಮಹಾನಗರದ ಹೊರವಲಯದಲ್ಲಿ ಇಕೆದಾ ಎಂಬುದೊಂದು ರೈಲು ನಿಲ್ದಾಣ. 1910ರಲ್ಲಿ ಆ ದಾರಿಯಾಗಿ ವಿದ್ಯುತ್ ರೈಲನ್ನು ಓಡಿಸಿದ ಕಂಪನಿಯ ಸೂತ್ರಧಾರ ಕೊಬಯಾಶಿ ಇಚಿಜೊ, ಹೊಲಗದ್ದೆಗಳ ನಡುವೆ ಹಾಯುವ ತನ್ನ ಬಂಡಿಗೆ ಪ್ರಯಾಣಿಕರು ಎಲ್ಲಿಂದ ಬಂದಾರೆಂದು ಕೈಕಟ್ಟಿ ಕುಳಿತಿರದೆ, ಅದೇ ವರ್ಷ ನಿಲ್ದಾಣದ ಆಸುಪಾಸಿನಲ್ಲಿ ಮನೆಗಳನ್ನು ಕಟ್ಟಿಸಿ, ಅವುಗಳನ್ನು ಮಾಸಿಕ ಕಂತಿನ ಮೇಲೆ ನೌಕರವರ್ಗಕ್ಕೆ ಮಾರಿದನು. 1929ರಲ್ಲಿ ದಾರಿಯ ನಗರದ ಕಡೆಯ ಕೊನೆಯಾದ ಉಮೆದಾ ನಿಲ್ದಾಣದಲ್ಲಿ ಬಹುಮಹಡಿಯ ಮಳಿಗೆಯನ್ನೂ ತೆರೆದನು. ಬೆಳಿಗ್ಗೆ ನಗರಕ್ಕೆ ಹೋಗಿ ಸಂಜೆಗೆ ಮರಳುವ ಜನಸ್ತೋಮವನ್ನು ಅಲ್ಲಿ ರೈಲೇ ನಿರ್ಮಿಸಿಕೊಂಡಿತೆನ್ನಬೇಕು. ವ್ಯಾಪಾರಿಯ ಜಾಣ್ಮೆ, ಸಂದೇಹವಿಲ್ಲ.

ನಮ್ಮ ಘಟಪ್ರಭೆಯ ಸೀಮೆಯಲ್ಲಿ ಅಂಥ ಜಾಣ್ಮೆಯ ಅವಶ್ಯಕತೆಯೇ ಇರಲಿಲ್ಲ. ಕವಿಚಕ್ರವರ್ತಿ ರನ್ನನನ್ನು ಹೆತ್ತ ಮುಧೋಳ, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿ, ಮಗ್ಗದ ಸದ್ದಿಗೆ ಕಣ್ದೆರೆಯುವ ರಬಕವಿ-ಬನಹಟ್ಟಿ, ಬೆಲ್ಲದ ಪೇಟೆಯಾದ ಮಹಾಲಿಂಗಪುರ, ಸಹಕಾರಿ ಸಕ್ಕರೆ ಕಾರ್ಖಾನೆಯ ತಿಮ್ಮಾಪುರ, ಇವೆಲ್ಲ ಹಳಿಯ ಹಂಗಿಲ್ಲದೆ ಬೆಳೆದ ಊರುಗಳು. ತಿಮ್ಮಾಪುರದ ಬಸ್ ನಿಲುಗಡೆಯಲ್ಲಿ ಹಂಗಾಮಿನ ದಿನ ಮುಂಜಾನೆ ನಿಂತು ನೋಡಬೇಕು: ಪಾಸು ಹಿಡಿದ ಕಾಲೇಜಿನ ಹುಡುಗಿಯರು, ಬುತ್ತಿಗಂಟು ಕಟ್ಟಿಕೊಂಡ ಕೂಲಿಯವರು, ದವಾಖಾನೆಗೆ ಹೊರಟ ಮುದುಕಿ, ಎದುರಿಗೆ ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು, ಸೋಗೆಯನ್ನು ರಸ್ತೆಯುದ್ದಕ್ಕೂ ಉದುರಿಸುತ್ತ ತೆವಳುವ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕಿದ ಬಸ್ಸಿನಲ್ಲಿ ಬಾಗಿಲ ಮೆಟ್ಟಿಲವರೆಗೂ ಜನ. “ಇನ್ನೊಂದು ಗಾಡಿ ಬರತೈತೇನೋ ತಮ್ಮಾ?” ಎಂದು ಕೇಳುವ ಮುದುಕಿಗೆ ಕಂಡಕ್ಟರನು ಸೀಟಿಯಲ್ಲೇ ಉತ್ತರವೀಯುತ್ತಾನೆ.

ಗದಗ-ಹುಟಗಿ ಮಾರ್ಗ ಬಾಗಲಕೋಟೆಯನ್ನು ಹಾಯ್ದದ್ದು 1884ರಲ್ಲಿ. ಪಶ್ಚಿಮಕ್ಕೆ ಮೀರಜದ ದಾರಿಯಲ್ಲಿ ಕುಡಚಿ ನಿಲ್ದಾಣವೂ ಹಳೆಯದೇ. ಇವೆರಡರ ನಡುವಣ ನಾಡು ಮಾತ್ರ ಶತಮಾನಕ್ಕೂ ಮಿಕ್ಕಿ ಬರಿದಾಗಿ ಉಳಿದು, 142 ಕಿಲೋಮೀಟರಿನ ಬಾಗಲಕೋಟೆ-ಕುಡಚಿ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 2010ರ ಸುಮಾರಿಗೆ. ವೆಚ್ಚದ ಅರ್ಧವನ್ನೂ ಭೂಮಿಯನ್ನೂ ರಾಜ್ಯ ಸರಕಾರ ಕೊಡತಕ್ಕದ್ದೆಂಬುದು ಒಪ್ಪಂದ. ಆದರೂ ಹಳಿಯು ಖಜ್ಜಿಡೋಣಿಯವರೆಗೆ ಬಂದು ಬಹುಕಾಲ ಅಲ್ಲಿಯೇ ತಂಗಿತು. ಭೂಸ್ವಾಧೀನದ ಕಡತಗಳು ಎತ್ತಿನ ಗಾಡಿಯ ವೇಗವನ್ನೂ ನಾಚಿಸಿದವು.

ಸಕ್ಕರೆ, ಸಿಮೆಂಟು, ಸುಣ್ಣಕಲ್ಲು ಸಾಗಿಸಲು ಈ ಹಳಿ ಬೇಕೆಂಬ ವಾದವನ್ನು ಎಲ್ಲರೂ ಮಂಡಿಸುತ್ತಾರೆ, ಅದು ಸರಿಯೇ. ನನ್ನ ಆಗ್ರಹ ಇನ್ನೊಂದಿದೆ. ನಿಲ್ದಾಣವನ್ನು ಊರಿಂದ ಮೂರು ಮೈಲಿ ದೂರದ ಬಯಲಿನಲ್ಲಿ ಕಟ್ಟಿ, ದಿನಕ್ಕೊಂದು ಬಂಡಿಯನ್ನು ನಡುಮಧ್ಯಾಹ್ನದಲ್ಲಿ ಬಿಟ್ಟರೆ, ಪಾಸಿನ ಹುಡುಗಿಯರು ಪುನಃ ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೇ ನಿಲ್ಲುವರು. ಶಾಲೆ-ಕಚೇರಿಗಳ ಗಂಟೆಗೆ ಮುನ್ನ ಬಾಗಲಕೋಟೆಯನ್ನು ಮುಟ್ಟುವ, ಕತ್ತಲಾಗುವ ಮೊದಲು ಮರಳುವ ಜೋಡಿ ಗಾಡಿಗಳನ್ನು ವೇಳಾಪತ್ರಿಕೆಯಲ್ಲಿ ಮೊದಲು ಬರೆದು, ಸರಕಿನ ಬಂಡಿಗಳಿಗೆ ಉಳಿದ ವೇಳೆಯನ್ನು ಹಂಚಲಿ.