ರಸಬಾಳೆ ಬಂದ ದಾರಿ, ಸೊರಗಿದ ದಾರಿ

ನಂಜನಗೂಡಿಗೆ ಹೋದವರು ನಂಜುಂಡೇಶ್ವರನಿಗೆ ಕೈಮುಗಿದು, ಒಂದು ಚಿಪ್ಪು ರಸಬಾಳೆ ಹಿಡಿದು ಬರುತ್ತಿದ್ದ ಕಾಲವೊಂದಿತ್ತು. ತೆಳು ಸಿಪ್ಪೆ, ಮೆತ್ತನೆ ತಿರುಳು. ಬಾಯಿಗಿಂತ ಮೊದಲು ಮೂಗಿಗೆ ಸಿಗುವ ಹಣ್ಣು. ಈಗ ಊರಿನ ಹೆಸರು ಹಣ್ಣಿಗೆ ಅಂಟಿಕೊಂಡಿದೆ, ಹಣ್ಣು ಊರಿನಲ್ಲೇ ಅಪರೂಪ.

ಬಾಳೆಹಣ್ಣನ್ನು ಅಡ್ಡ ಕೊಯ್ದರೆ ನಡುವೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೀಜವಾಗಬೇಕಿದ್ದು, ಆಗದೇ ಉಳಿದವು ಅವು. ಕಾಡುಬಾಳೆಯಲ್ಲಿ ಬೀಜವೇ ಹೆಚ್ಚು, ತಿರುಳು ನೆಪಕ್ಕೆ. ಪಪುವಾ ನ್ಯೂಗಿನಿಯ ಕುಕ್ ಜೌಗು ಪ್ರದೇಶದಲ್ಲಿ ಸುಮಾರು 7,000 ವರ್ಷ ಹಿಂದೆಯೇ ಬಾಳೆ ಬೆಳೆಸಿದ ಕುರುಹು ಸಿಕ್ಕಿದೆ. ಆಮೇಲೆ ಮ್ಯೂಸಾ ಅಕ್ಯುಮಿನಾಟಾ, ಮ್ಯೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡು ಜಾತಿಗಳು ಬೆರೆತವು. ರಸಬಾಳೆಯಲ್ಲಿ ಮೊದಲನೆಯದರ ಎರಡು ಪಾಲು, ಎರಡನೆಯದರ ಒಂದು ಪಾಲು. ಹೀಗೆ ಮೂರು ಪಾಲಾದ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗುವುದಿಲ್ಲ, ಬೀಜ ಕಟ್ಟುವುದಿಲ್ಲ. ನಮಗೆ ಲಾಭ, ಗಿಡಕ್ಕೆ ನಷ್ಟ.

ಲಾಭವೆಂದರೆ ರುಚಿ ಮಾತ್ರವಲ್ಲ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 90 ಕ್ಯಾಲೊರಿ, 350 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ, ಜೊತೆಗೆ ಬಿ6 ಜೀವಸತ್ವ, ನಾರು. (ಮೂತ್ರಪಿಂಡ ಸೋತವರು ಈ ಪೊಟ್ಯಾಸಿಯಂ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ತಿನ್ನಬೇಕು.) ಕಾಯಿಯಲ್ಲಿರುವ ಪಿಷ್ಟದ ಒಂದು ಭಾಗ ಸಣ್ಣ ಕರುಳಿನಲ್ಲಿ ಕರಗದೆ ನಾರಿನಂತೆ ಮುಂದೆ ಸಾಗುತ್ತದೆ; ಹಣ್ಣಾದಂತೆ ಪಿಷ್ಟ ಸಕ್ಕರೆಯಾಗುತ್ತದೆ. ಬಾಳೆಕಾಯಿ ಪಲ್ಯಕ್ಕೂ ಮಾಗಿದ ಹಣ್ಣಿಗೂ ಇರುವ ವ್ಯತ್ಯಾಸ ಇಷ್ಟೇ ಎನ್ನಬಹುದು.

ಬೀಜವಿಲ್ಲದ ಗಿಡ ಕಂದಿನಿಂದಲೇ ಮುಂದುವರಿಯಬೇಕು. ತಾಯಿಗಿಡ ಗೊನೆ ಕೊಟ್ಟು ಸಾಯುತ್ತದೆ, ಬುಡದ ಕಂದು ಅದೇ ಗಿಡದ ಪ್ರತಿ. ಹಾಗಾಗಿಯೇ ರಸಬಾಳೆಯ ಘಮ ಅಜ್ಜನ ಕಾಲದಿಂದ ಮೊಮ್ಮಗನವರೆಗೆ ಕೆಡದೆ ಬಂತು. ಪನಾಮಾ ಸೊರಗು ರೋಗವೂ ಅದೇ ಕಂದಿನ ಜೊತೆ ಹೊಲದಿಂದ ಹೊಲಕ್ಕೆ ಬಂತು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಮುಚ್ಚುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ, ಕಾಂಡದ ಬುಡ ಸೀಳುತ್ತದೆ. ಮಣ್ಣಿನಲ್ಲಿ ದಶಕಗಟ್ಟಲೆ ಬದುಕುವ ಅದಕ್ಕೆ ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ. ಮಧ್ಯ ಅಮೆರಿಕದ ತೋಟಗಳಲ್ಲಿ ಗ್ರೋಸ್ ಮಿಷೆಲ್ ತಳಿಯನ್ನು 1950-60ರ ದಶಕಗಳ ಹೊತ್ತಿಗೆ ಮುಗಿಸಿದ್ದೂ ಇದೇ ರೋಗ. ಅದರ ಜಾಗಕ್ಕೆ ಕ್ಯಾವೆಂಡಿಷ್ ಬಂತು. ನಮ್ಮ ಪಚ್ಚಬಾಳೆ ಅದರ ಬಳಗದ್ದೇ.

2005-06ರಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಕೈಗೆ ಬರುತ್ತದೆ, ನಿಜ. ಆದರೆ ಆ ಹೆಸರಿನಲ್ಲಿ ಮಾರಬೇಕಿದ್ದರೆ ಅದನ್ನು ನಂಜನಗೂಡು ಸೀಮೆಯಲ್ಲೇ ನೆಡು ಎನ್ನುತ್ತದೆ ಸೂಚ್ಯಂಕ; ಅಲ್ಲಿನ ಸೊರಗು ಹಿಡಿದ ಹಳೆಯ ಹೊಲವೋ ಬೇಡ ಎನ್ನುತ್ತದೆ. ರೈತ ಈಗ ಹುಡುಕಬೇಕಿರುವುದು ಅದೇ ಸೀಮೆಯೊಳಗೆ ರೋಗ ಕಾಲಿಡದ ಒಂದು ತುಂಡು ನೆಲ.