ನೈಸರ್ಗಿಕ ಸೋಪು: ನಂಬಿದ್ದೆಷ್ಟು, ನಿಜವೆಷ್ಟು?

ಮನೆಯಲ್ಲೇ ಸೋಪು, ತಲೆಯೆಣ್ಣೆ, ಸ್ನಾನದ ಪುಡಿ ಮಾಡಿ ಮಾರಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ: "ಕೆಮಿಕಲ್ ಇಲ್ಲ ತಾನೆ?" ಮಾರುವವರು "ಒಂದು ಚೂರೂ ಇಲ್ಲ" ಎಂದುಬಿಡುತ್ತಾರೆ. ಆ ಉತ್ತರ ಸುಳ್ಳು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಪ್ರಶ್ನಿಸಿ ಒಪ್ಪುವುದನ್ನು ಕಲಿಸಿದರು. ಈ ಸೀಮೆಯಲ್ಲಿ ಸೋಪು ಮಾರುವವರೂ ಅಷ್ಟು ಮಾಡಬೇಕು.

ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದಿಲ್ಲ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 180 ಗ್ರಾಂ ಕಾಸ್ಟಿಕ್ ಬೇಕು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಗಂಧದೆಣ್ಣೆ ತೆಗೆಯುವ ಉದ್ಯಮ ಶುರುವಾಗಿ, 1918ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಮೈಸೂರು ಸ್ಯಾಂಡಲ್ ಸೋಪಿನ ಹಿಂದಿರುವುದೂ ಇದೇ ರಸಾಯನಶಾಸ್ತ್ರ. ಅಳತೆ ಸರಿಯಿದ್ದರೆ ಕಾಸ್ಟಿಕ್ ಎಣ್ಣೆಯೊಡನೆ ಕೂಡಿ ಸೋಪು ಮತ್ತು ಗ್ಲಿಸರಿನ್ ಆಗಿಬಿಡುತ್ತದೆ, ಬಿಲ್ಲೆಯಲ್ಲಿ ಉಳಿಯುವುದಿಲ್ಲ. ಅಳತೆ ತಪ್ಪಿದರೆ ಚರ್ಮ ಸುಡುತ್ತದೆ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಕಾಸ್ಟಿಕ್ ಆ ಪಾತ್ರೆಯನ್ನೇ ತಿನ್ನುತ್ತದೆ. ಕತ್ತರಿಸಿದ ಬಿಲ್ಲೆ ನಾಲ್ಕರಿಂದ ಆರು ವಾರ ಗಾಳಿಗೆ ಒಣಗಬೇಕು. ಇಷ್ಟನ್ನೂ ಗಿರಾಕಿಗೆ ಬಿಡಿಸಿ ಹೇಳಬಹುದು. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಗಿಡಮೂಲಿಕೆಯಿಂದ ಯಾವ ಜೀವಕ್ಕೂ ತೊಂದರೆಯಿಲ್ಲ ಎಂಬ ನಂಬಿಕೆ ಶಿಡ್ಲಘಟ್ಟದ ರೇಷ್ಮೆಹುಳು ಮನೆಗಳ ಮುಂದೆ ನಿಲ್ಲುವುದಿಲ್ಲ. ಹಿಪ್ಪುನೇರಳೆ ಸೊಪ್ಪಿಗೆ ಬೇವಿನೆಣ್ಣೆ ತಗುಲಿದರೆ ಹುಳು ಸರಿಯಾಗಿ ಜ್ವರಕ್ಕೆ (ಪೊರೆ ಬಿಡುವ ಮುಂಚಿನ ನಿದ್ದೆಗೆ) ಕೂರುವುದಿಲ್ಲ, ಪೊರೆ ಕಳಚುವುದಿಲ್ಲ, ಸಾಯುತ್ತದೆ. ಹೊಗೆಸೊಪ್ಪೂ ಅದಕ್ಕೆ ವಿಷವೇ. ಬೇವಿನ ಸೋಪು ಮಾಡುವವರು ರೇಷ್ಮೆ ತೋಟದ ಪಕ್ಕದಲ್ಲಿ ಪಾತ್ರೆ ತೊಳೆಯಬಾರದು. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೋನಿನ್ ಮೀನಿಗೆ ವಿಷ. ಇಂಥ ಕಾಯಿಗಳನ್ನು ಅರೆದು ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಕಡೆ ಇತ್ತು. ಕೆರೆಯಲ್ಲೇ ಕೂತು ಸೀಗೆಪುಡಿಯಲ್ಲಿ ತಲೆ ತೊಳೆಯುವುದು ಕೆರೆಗೆ ಮಾಡುವ ಉಪಕಾರವಲ್ಲ. ಬಚ್ಚಲ ನೀರು ತೆಂಗಿನ ಬುಡಕ್ಕೆ ಹರಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಆ ಸಪೋನಿನ್ನನ್ನು ಜೀರ್ಣಿಸಿಕೊಳ್ಳುತ್ತವೆ.

"ನೊರೆ ಬರದಿದ್ದರೆ ಸೋಪು ಕಳಪೆ" ಎಂಬ ದೂರನ್ನು ಈ ಜಿಲ್ಲೆಯಲ್ಲಿ ಸೋಪಿನ ಮೇಲಲ್ಲ, ನೀರಿನ ಮೇಲೆ ಹೊರಿಸಬೇಕು. ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಸುತ್ತ ಹುಟ್ಟುವ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳೆಲ್ಲ ಮಳೆಗಾಲದ ಹೊಳೆಗಳು. ಬಚ್ಚಲಿಗೆ ಬರುವುದು ಆಳದ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಜಿಡ್ಡಾಗಿ ಕಟ್ಟುತ್ತವೆ, ಕೂದಲಿಗೂ ಅದೇ ಅಂಟುತ್ತದೆ. ಸೋಪಿನ ಒಂದು ಪಾಲು ಹೀಗೆ ಸುಮ್ಮನೆ ಪೋಲು. ದೊಡ್ಡ ಕಂಪನಿಗಳ ಬಿಲ್ಲೆಗಳಲ್ಲಿ ಇದಕ್ಕೆ ಪರಿಹಾರವಾಗಿ ಇಡಿಟಿಎ ಎಂಬ ರಾಸಾಯನಿಕ ಹಾಕುವುದುಂಟು. ಕೊಳಚೆ ಶುದ್ಧೀಕರಣ ಘಟಕದಲ್ಲಿ ಅದು ಸುಲಭವಾಗಿ ಕೊಳೆಯದು. ಸಣ್ಣ ತಯಾರಕರಿಗೆ ಸಿಟ್ರಿಕ್ ಆಮ್ಲ ಸಾಕು: ಕಾಸ್ಟಿಕ್ಕಿನೊಡನೆ ಸೇರಿ ಸಿಟ್ರೇಟ್ ಆಗುತ್ತದೆ, ಗಡಸನ್ನು ಹಿಡಿದಿಡುತ್ತದೆ, ಬೇಗ ಕೊಳೆತೂ ಹೋಗುತ್ತದೆ. ಹತ್ತು ಗ್ರಾಂ ಸಿಟ್ರಿಕ್ ಆಮ್ಲ ಸುಮಾರು ಆರು ಗ್ರಾಂ ಕಾಸ್ಟಿಕ್ ಕುಡಿದುಬಿಡುತ್ತದೆ, ಅಷ್ಟನ್ನು ಹೆಚ್ಚಿಗೆ ಲೆಕ್ಕ ಹಾಕಬೇಕು. ಇನ್ನು ಸೀಗೆಕಾಯಿ, ಅಂಟುವಾಳಕ್ಕೆ ಗಡಸು ನೀರಿನ ಹಂಗೇ ಇಲ್ಲ; ಸಪೋನಿನ್ ಕ್ಯಾಲ್ಸಿಯಂ ಜೊತೆ ಜಿಡ್ಡು ಕಟ್ಟುವುದಿಲ್ಲ. ಬೋರ್ ನೀರಿನ ಊರಿಗೆ ನಮ್ಮ ಅಜ್ಜಿಯರ ಸ್ನಾನದ ಪುಡಿಯೇ ಸೋಪಿಗಿಂತ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೋರಿಗೆ ಹೋದದ್ದು ಹೋಯಿತು ಎಂಬುದು ಇನ್ನೊಂದು ನಂಬಿಕೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರು ಎರಡನೇ ಹಂತದವರೆಗೆ ಶುದ್ಧವಾಗಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಜಿಲ್ಲೆಯ ಇತರ ಕೆರೆಗಳಿಗೂ ಬರುತ್ತದೆ. ಅಂತರ್ಜಲ ಏರಲಿ ಎಂಬುದೇ ಅದರ ಉದ್ದೇಶ. ಎರಡನೇ ಹಂತದಲ್ಲಿ ಕೊಳೆಯುವ ಕಶ್ಮಲ ಬಹುಪಾಲು ಹೋಗುತ್ತದೆ, ಇಡಿಟಿಎ, ಕೃತಕ ಕಸ್ತೂರಿ ಪರಿಮಳದಂಥವು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಇಲ್ಲಿಂದ ಬೆಂಗಳೂರಿಗೆ ಸೋಪು ಕಳಿಸುವವರ ಪರಿಮಳ ಅಲ್ಲಿನ ಬಚ್ಚಲಿಂದ ಪೈಪಿನಲ್ಲಿ ಇಲ್ಲಿಗೇ ವಾಪಸು ಬರಬಹುದು. ಪರಿಸರದ ಕಾಳಜಿ ಎಂದರೆ ಕಾಗದದ ಹೊದಿಕೆಯಷ್ಟೇ ಎಂದುಕೊಂಡವರು ಮೊದಲು ಯೋಚಿಸಬೇಕಾದದ್ದು ಈ ನೀರಿನ ಬಗ್ಗೆ.

ಪ್ರಿಸರ್ವೇಟಿವ್ ಹಾಕದಿರುವುದೇ ಶುದ್ಧತೆ ಎಂಬುದೂ ಅರ್ಧ ಸತ್ಯ. ಬಿಲ್ಲೆ, ಎಣ್ಣೆ, ಒಣಪುಡಿಗೆ ಅದು ಬೇಕಿಲ್ಲ. ನೀರಿರುವ ಲೋಳೆಸರದ ಜೆಲ್, ಕ್ರೀಮು, ಶಾಂಪೂಗಳಲ್ಲಿ ಹಾಕದಿದ್ದರೆ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯ, ಬೂಷ್ಟು ಬೆಳೆಯುತ್ತದೆ. ನೀರಿಲ್ಲದ ಸರಕನ್ನೇ ಮಾಡಿದರೆ ಪ್ರಿಸರ್ವೇಟಿವ್ವೂ ಪ್ಲಾಸ್ಟಿಕ್ ಬಾಟಲಿಯೂ ಒಟ್ಟಿಗೆ ತಪ್ಪುತ್ತವೆ.

ಮನೆಯಲ್ಲಿ ಮಾಡಿದ್ದಕ್ಕೆ ಲೈಸೆನ್ಸ್ ಯಾಕೆ ಎನ್ನುವವರಿದ್ದಾರೆ. ಮಾರುವುದಾದರೆ ಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಅಡಿ ರಾಜ್ಯ ಸರ್ಕಾರದ ಪರವಾನಗಿ ಪಡೆಯಬೇಕು. ಸ್ವಂತ ಘಟಕ ಕಟ್ಟುವ ಶಕ್ತಿ ಇಲ್ಲದವರಿಗೆ ಪರವಾನಗಿಯುಳ್ಳ ಇನ್ನೊಬ್ಬರ ಘಟಕದಲ್ಲಿ ತಯಾರಿಸುವ ಲೋನ್ ಲೈಸೆನ್ಸ್ ದಾರಿಯಿದೆ. "ಇಸಬು ವಾಸಿಯಾಗುತ್ತದೆ" ಎಂದು ಬರೆದರೆ ಅದು ಸೋಪಿನ ಮಾತಲ್ಲ, ಔಷಧದ ಮಾತು, ಅದರ ಪರವಾನಗಿಯೇ ಬೇರೆ.

ಕೊನೆಗೆ ರೇಷ್ಮೆ ಸೋಪು. ನೂಲಿನ ತೂಕದಲ್ಲಿ ಶೇ. 20ರಿಂದ 30ರಷ್ಟು ಸೆರಿಸಿನ್ ಎಂಬ ಅಂಟು ಇರುತ್ತದೆ. ತೇವ ಹಿಡಿದಿಡುವ ಅದರ ಗುಣ ನಿಜ. ಆದರೆ ನೂಲು ಬಿಚ್ಚುವ ಫಿಲೇಚರಿನಲ್ಲಿ ಗೂಡು ಬೇಯಿಸಿದ ನೀರನ್ನು ತಂದು ಸೋಪಿಗೆ ಹಾಕಲಾಗದು. ಬೆಂದ ಹುಳುವಿನ ಅಂಶ ಸೇರಿ ಆ ನೀರು ಬೇಗ ನಾರುತ್ತದೆ. ಚಿಟ್ಟೆ ಹೊರಬಂದು ತೂತಾದ ಗೂಡನ್ನು ಬರೀ ನೀರಲ್ಲಿ ಕುದಿಸಿ ಸೋಸಿದ ದ್ರವ ಅದಕ್ಕಿಂತ ಸ್ವಚ್ಛ. ಅಂಥ ಗೂಡು ಮೊಟ್ಟೆ ಕೇಂದ್ರಗಳಲ್ಲಿ ಸಿಗುತ್ತದೆ. ಆದರೆ ಅಲ್ಲಿಯೂ ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಪೆಬ್ರಿನ್ ರೋಗದ ಪರೀಕ್ಷೆಗೆಂದು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಲೇಬಲ್ಲಿನ ಮೇಲೆ "ರೇಷ್ಮೆ" ಎಂದು ಧಾರಾಳವಾಗಿ ಬರೆಯಿರಿ, "ಅಹಿಂಸಾ" ಎಂದು ಬರೆಯಬೇಡಿ.