ಕಾರ್ಡ್ ಸಾಲಕ್ಕೆ ಕೋರ್ಟ್ ಡಿಕ್ರಿ: ಜನ ನಂಬಿದ್ದು, ಕಾನೂನು ಹೇಳುವುದು

ಕ್ರೆಡಿಟ್ ಕಾರ್ಡಿನ ಬಾಕಿ ನಾಲ್ಕಾರು ತಿಂಗಳು ಹಾಗೇ ಉಳಿದರೆ ಫೋನಿನ ಧಾಟಿ ಬದಲಾಗುತ್ತದೆ. ‘ನಾಳೆ ಹನ್ನೊಂದು ಗಂಟೆಗೆ ಪೊಲೀಸ್ ಬರ್ತಾರೆ’, ‘ನಿಮ್ಮ ಮೇಲೆ ಅರೆಸ್ಟ್ ವಾರಂಟ್ ಆಗಿದೆ’, ‘ಆಫೀಸಿಗೇ ಅಮೀನನ್ನ ಕಳಿಸ್ತೀವಿ’. ಜತೆಗೆ ವಾಟ್ಸ್ಆ್ಯಪ್‌ನಲ್ಲಿ ಅಶೋಕ ಸ್ತಂಭದ ಚಿತ್ರ ಅಂಟಿಸಿದ ಒಂದು ಪಿಡಿಎಫ್. ತಿಂಗಳುಗಟ್ಟಲೆ ಇಂಥದ್ದನ್ನೇ ಕಂಡು ಬೆದರಿದವರ ಮನೆಗೆ ಒಂದು ದಿನ ನಿಜವಾದ ಕೋರ್ಟಿನ ಸಮನ್ಸ್ ಬರುತ್ತದೆ. ಆಗ ಬಹಳ ಮಂದಿ ಮಾಡುವುದು ಎರಡರಲ್ಲಿ ಒಂದು: ಇದೂ ಬೆದರಿಕೆಯೇ ಇರಬೇಕೆಂದು ಮೂಲೆಗೆ ಎಸೆಯುತ್ತಾರೆ, ಇಲ್ಲವೇ ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತಾರೆ. ಎರಡರಿಂದಲೂ ಅನುಕೂಲವಾಗುವುದು ಬ್ಯಾಂಕಿಗೆ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಜೈಲಿನದು. ‘ಡಿಕ್ರಿ ಆಯಿತು, ದುಡ್ಡಿಲ್ಲ, ಇನ್ನು ಒಳಗೆ ಹಾಕುತ್ತಾರೆ’ ಎಂಬ ನಂಬಿಕೆಯಲ್ಲಿ ಒಂದು ಎಳೆ ಸತ್ಯವಿದೆ, ಉಳಿದದ್ದೆಲ್ಲ ಭಯ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಮಿನಲ್ಲಿ ಹಣದ ಡಿಕ್ರಿಗಾಗಿ, ಅಂದರೆ ಹಣ ಕಟ್ಟಬೇಕೆಂಬ ಕೋರ್ಟಿನ ತೀರ್ಮಾನದ ಜಾರಿಗಾಗಿ, ಬಂಧಿಸುವ ದಾರಿ ಇರುವುದು ನಿಜ. ಆದರೆ 1936ರಲ್ಲೇ ಅದಕ್ಕೆ ಒಂದು ಕಟ್ಟುಪಾಡು ಸೇರಿತು. ಮೊದಲು ನೋಟಿಸ್ ಕೊಟ್ಟು ಸಾಲ ಮಾಡಿದವರ ಮಾತು ಕೇಳಬೇಕು. ಕೈಯಲ್ಲಿ ಹಣವಿದ್ದೂ ಕಟ್ಟುತ್ತಿಲ್ಲ, ಆಸ್ತಿಯನ್ನು ಮೋಸದಿಂದ ಬೇರೆಯವರಿಗೆ ದಾಟಿಸಿದ್ದಾರೆ ಅಥವಾ ತಲೆಮರೆಸಿಕೊಳ್ಳುವ ಸಾಧ್ಯತೆ ಇದೆ ಎಂಬಂಥ ಕಾರಣ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಆ ಕಾರಣವನ್ನು ಬರೆದಿಡಲೂ ಬೇಕು. ಬರೀ ‘ಕಟ್ಟಿಲ್ಲ’ ಎಂಬುದು ಸಾಲದು.

1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಇನ್ನಷ್ಟು ಬಿಗಿ ಮಾಡಿದರು. ಸುಮಾರು 2.5 ಲಕ್ಷ ರೂಪಾಯಿಯ ಡಿಕ್ರಿ ಅದು. ಆಸ್ತಿ ಜಪ್ತಿಯಾಗಿತ್ತು, ಅದರ ಮೇಲೆ ಬಂಧನದ ವಾರಂಟೂ ಹೊರಟಿತ್ತು. ಬಡತನವೇ ಅಪರಾಧವಾಗಬಾರದು, ಸಾಲ ತೀರಿಸಲಾಗದ ಮಾತ್ರಕ್ಕೆ ಒಬ್ಬನನ್ನು ಸೆರೆಗೆ ತಳ್ಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂಬುದು ಆ ತೀರ್ಪಿನ ತಿರುಳು. ಕೈಲಾಗದವನು ಬೇರೆ, ಕೈಲಾಗಿಯೂ ಕೊಡದ ಖದೀಮ ಬೇರೆ. ಕಾನೂನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಆದರೆ ತಾನು ಯಾವ ಪೈಕಿ ಎಂಬುದನ್ನು ಕೋರ್ಟಿಗೆ ಹೋಗಿ ಹೇಳಬೇಕಾದವರು ಸಾಲ ಮಾಡಿದವರೇ. ಹೋಗದವರ ಪರವಾಗಿ ಬೇರೆ ಯಾರೂ ಹೇಳುವುದಿಲ್ಲ.

ಇನ್ನೊಂದು ಸಂಗತಿ: ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಸಂಹಿತೆಯ 56ನೇ ಕಲಮು ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಬಂಧನವಾದರೂ ಅದು ಸಿವಿಲ್ ಸೆರೆ, ಗರಿಷ್ಠ ಮೂರು ತಿಂಗಳು. ಅಲ್ಲಿ ಊಟದ ಭತ್ಯೆ ಕಟ್ಟಬೇಕಾದದ್ದು ಡಿಕ್ರಿ ಪಡೆದ ಬ್ಯಾಂಕು. ಹಾಗಾಗಿಯೇ ಬ್ಯಾಂಕುಗಳಿಗೂ ಈ ದಾರಿಯಲ್ಲಿ ಅಷ್ಟೇನೂ ರುಚಿಯಿಲ್ಲ.

ನಿಜವಾದ ಜೈಲಿನ ಅಪಾಯ ಇರುವುದು ಜನ ಯೋಚಿಸದ ಕಡೆ. ಬ್ಯಾಂಕಿನ ವಸೂಲಿ ಏಜೆಂಟ್ ಬಂದು ‘ಸೆಟಲ್‌ಮೆಂಟಿಗೆ ನಾಲ್ಕು ಚೆಕ್ ಕೊಡಿ ಸಾರ್’ ಎಂದಾಗ ಆ ಕ್ಷಣದ ಕಾಟ ತಪ್ಪಲೆಂದು ಸಹಿ ಹಾಕಿ ಕೊಟ್ಟುಬಿಡುತ್ತಾರಲ್ಲ, ಅಲ್ಲಿ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅದು ಕ್ರಿಮಿನಲ್ ಕೇಸು: ಎರಡು ವರ್ಷದವರೆಗೆ ಸಜೆ, ಚೆಕ್ಕಿನ ಎರಡರಷ್ಟರವರೆಗೆ ದಂಡ ಅಥವಾ ಎರಡೂ. ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟು, ಹಣವಿಲ್ಲದೆ ಅದು ವಾಪಸಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ಹೆಚ್ಚುಕಡಿಮೆ ಇದೇ ಗತಿ. ಸಿವಿಲ್ ಆಗಿದ್ದ ಸಾಲವನ್ನು ತಮ್ಮ ಕೈಯಾರೆ ಕ್ರಿಮಿನಲ್ ಮಾಡಿಕೊಂಡವರ ಸಂಖ್ಯೆ ಸಣ್ಣದಲ್ಲ.

‘ಸಮನ್ಸ್ ತಗೊಳ್ಳದಿದ್ರೆ ಕೇಸೇ ನಡೆಯಲ್ಲ.’ ಹಳ್ಳಿಕಟ್ಟೆಯಿಂದ ಅಪಾರ್ಟ್‌ಮೆಂಟ್‌ವರೆಗೆ ಚಾಲ್ತಿಯಲ್ಲಿರುವ ಸಲಹೆ ಇದು. ಶುದ್ಧ ತಪ್ಪು. ತೆಗೆದುಕೊಳ್ಳಲು ನಿರಾಕರಿಸಿದರೆ ಜಾರಿಯಾದಂತೆಯೇ ಎಂದು ಕೋರ್ಟ್ ಭಾವಿಸುತ್ತದೆ. ಸಿಗದೆ ತಪ್ಪಿಸಿಕೊಂಡರೆ ಬಾಗಿಲಿಗೆ ಅಂಟಿಸಿಯೋ ಪತ್ರಿಕೆಯಲ್ಲಿ ಪ್ರಕಟಿಸಿಯೋ ಮುಂದಕ್ಕೆ ಹೋಗುತ್ತದೆ. ಆಮೇಲೆ ಏಕಪಕ್ಷೀಯ ಡಿಕ್ರಿ. ಬ್ಯಾಂಕು ಸಲ್ಲಿಸಿದ ಲೆಕ್ಕವನ್ನು ಪ್ರಶ್ನಿಸುವವರೇ ಅಲ್ಲಿ ಇರುವುದಿಲ್ಲ.

ಬಂದದ್ದು ಅಸಲಿ ಸಮನ್ಸೋ ನಕಲಿಯೋ ಎಂದು ತಿಳಿಯಲು ಈಗ ವಕೀಲರೂ ಬೇಕಿಲ್ಲ. ಕೋರ್ಟಿನ ಮೊಹರು, ಸಾಮಾನ್ಯವಾಗಿ ‘ಒ.ಎಸ್.’ ಎಂದು ಶುರುವಾಗುವ ದಾವೆಯ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಇರಬೇಕು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ ಅದು ‘ಕೆಎ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಆರಂಭ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕೋರ್ಟ್, ಮುಂದಿನ ವಾಯಿದೆ ಎಂದು, ಎಲ್ಲ ಬರುತ್ತದೆ. ಪಕ್ಷಗಾರರ ಹೆಸರು ಹಾಕಿಯೂ ಹುಡುಕಬಹುದು. ಎಲ್ಲಿಯೂ ಸಿಗದ ‘ವಾರಂಟ್’ ವಾಟ್ಸ್ಆ್ಯಪ್‌ನಲ್ಲಷ್ಟೇ ಇದ್ದರೆ ಅದರ ಬೆಲೆ ಇನ್ನೇನು ಹೇಳುವುದು.

ಸಮನ್ಸ್ ಸಿಕ್ಕ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ನಿಜಕ್ಕೂ ಸಮನ್ಸ್ ತಲುಪದೆ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದು ಮಾಡಿಸಲು ಸಂಹಿತೆಯ 9ನೇ ಆದೇಶದ 13ನೇ ನಿಯಮ ಇದೆ. ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಳೇ ಬಾಡಿಗೆ ಮನೆಯ ವಿಳಾಸಕ್ಕೆ ಸಮನ್ಸ್ ಹೋಗಿ, ಸಂಬಳ ಜಪ್ತಿಯ ಪತ್ರ ಆಫೀಸಿಗೆ ಬಂದಾಗಲಷ್ಟೇ ವಿಷಯ ಗೊತ್ತಾಗುವವರಿಗೆ ಇದೇ ಬಾಗಿಲು.

‘ಸಾಲ ಮಾಡಿದ್ದು ನಿಜ ತಾನೇ, ಕೋರ್ಟಿಗೆ ಹೋಗಿ ಹೇಳುವುದಾದರೂ ಏನು?’ ಮರ್ಯಾದಸ್ಥರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಹೇಳುವುದು ಬೇಕಾದಷ್ಟಿದೆ. ಬಾಕಿಯಲ್ಲಿ ಅಸಲೆಷ್ಟು, ಬಡ್ಡಿ-ದಂಡವೆಷ್ಟು ಎಂದು ಸ್ಟೇಟ್‌ಮೆಂಟ್ ಕೇಳಬಹುದು. ದಾವೆ ಹೂಡಲು ಇರುವ ಮೂರು ವರ್ಷದ ಕಾಲಮಿತಿ ಮೀರಿದೆಯೇ ನೋಡಬಹುದು. ಆ ಮಿತಿ ಮುಗಿಯುವ ಮೊದಲು ಸಾಲ ಒಪ್ಪಿ ಸಹಿ ಮಾಡಿಕೊಟ್ಟಿದ್ದರೆ ಅಂದಿನಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬುದೂ ನೆನಪಿರಲಿ.

ಅದಕ್ಕಿಂತ ಮುಖ್ಯವಾದದ್ದು ಕಂತು. ಹಣದ ಡಿಕ್ರಿ ಕೊಡುವಾಗಲೇ ಅದನ್ನು ಕಂತಿನಲ್ಲಿ ಕಟ್ಟುವಂತೆ ಆದೇಶಿಸುವ ಅಧಿಕಾರ 20ನೇ ಆದೇಶದ 11ನೇ ನಿಯಮದಡಿ ನ್ಯಾಯಾಧೀಶರಿಗಿದೆ. ಆ ಹಂತದಲ್ಲಿ ಬ್ಯಾಂಕಿನ ಒಪ್ಪಿಗೆಯೇ ಬೇಕೆಂದಿಲ್ಲ, ಸಕಾರಣ ಇದ್ದರೆ ಸಾಕು. ಡಿಕ್ರಿಯಾದ ಮೇಲೆ ಕೇಳಿದರೆ ಬ್ಯಾಂಕ್ ಒಪ್ಪಲೇಬೇಕು, ಅರ್ಜಿಯನ್ನೂ 30 ದಿನದೊಳಗೆ ಹಾಕಬೇಕು. ಅಂದರೆ, ವಾಯಿದೆಗೆ ಹೋಗದೆ ಮನೆಯಲ್ಲಿ ಕೂತವರು ಕಳೆದುಕೊಳ್ಳುವುದು ಇದನ್ನೇ. ಸಂಬಳದ ಚೀಟಿ, ಬಾಡಿಗೆ ಕರಾರು, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಆಸ್ಪತ್ರೆಯ ಬಿಲ್ಲು ಹಿಡಿದು ‘ತಿಂಗಳಿಗೆ ಇಷ್ಟು ಕಟ್ಟಬಲ್ಲೆ’ ಎಂದು ನಿಂತವರ ಮಾತಿಗೆ ತೂಕವಿದೆ.

ಬಡ್ಡಿಯ ಕಥೆ ಇನ್ನೂ ಸ್ವಾರಸ್ಯ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ‘ಶೇ 30ರ ಮೇಲೆ ಬಡ್ಡಿ ಹಾಕುವಂತಿಲ್ಲ’ ಎಂದು ಇನ್ನೂ ಹಂಚಿಕೊಳ್ಳುತ್ತಿರುವವರು ಹಳೆಯದನ್ನೇ ಹಂಚುತ್ತಿದ್ದಾರೆ. ಆದರೆ ಡಿಕ್ರಿಯಾದ ಮೇಲೆ ಈ ಮೀಟರು ಹಾಗೇ ಓಡುವುದಿಲ್ಲ. ಸಂಹಿತೆಯ 34ನೇ ಕಲಮಿನ ಪ್ರಕಾರ ಡಿಕ್ರಿಯ ದಿನದಿಂದ ಹಣ ಕಟ್ಟುವವರೆಗೆ ಕೋರ್ಟ್ ವಿಧಿಸುವ ಬಡ್ಡಿ ವರ್ಷಕ್ಕೆ ಶೇ 6 ಮೀರುವಂತಿಲ್ಲ, ಅದೂ ಅಸಲಿನ ಮೇಲೆ. ಹೆಚ್ಚು ಬಡ್ಡಿಗೆ ಅವಕಾಶ ಇರುವುದು ವ್ಯಾಪಾರಕ್ಕಾಗಿ ಮಾಡಿದ ಸಾಲಕ್ಕೆ. ಫ್ರಿಜ್ಜಿಗೋ ಆಸ್ಪತ್ರೆಗೋ ಕಾರ್ಡ್ ಉಜ್ಜಿದವರದ್ದು ವ್ಯಾಪಾರದ ಸಾಲವಲ್ಲ. ‘ಕೋರ್ಟಿಗೆ ಹೋದರೆ ಸಾಲ ಬೆಳೆಯುತ್ತಲೇ ಇರುತ್ತದೆ’ ಎಂಬ ಹೆದರಿಕೆಗೆ ಇಲ್ಲಿ ಉತ್ತರವಿದೆ.

ಇನ್ನು ಜಪ್ತಿ. ‘ಸಂಬಳ ಪೂರ್ತಿ ಹೋಗುತ್ತೆ, ಪಾತ್ರೆಪಗಡೆ ಬೀದಿಗೆ ಬೀಳುತ್ತೆ’ ಎನ್ನುವವರು 60ನೇ ಕಲಮನ್ನು ಓದಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ-ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ರೈತನೋ ಕೂಲಿಯವನೋ ವಾಸವಿರುವ ಸ್ವಂತ ಮನೆ, ಇವನ್ನು ಮುಟ್ಟುವಂತಿಲ್ಲ. ಭವಿಷ್ಯ ನಿಧಿ, ಜೀವವಿಮೆಯ ಹಣ, ಸರ್ಕಾರಿ ಪಿಂಚಣಿ, ಕೂಲಿಕಾರರ ಕೂಲಿ ಕೂಡ ಹೊರಗೆ. ಪಿಂಚಣಿ, ಗ್ರಾಚ್ಯುಟಿಯ ಹಣ ಬ್ಯಾಂಕಿನಲ್ಲಿ ಠೇವಣಿಯಾದ ಮೇಲೂ ಈ ರಕ್ಷಣೆ ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ.

ಸಂಬಳದ ಲೆಕ್ಕ ಹೀಗೆ. ಜಪ್ತಿಗೆ ಲೆಕ್ಕಕ್ಕೆ ಬರುವ ಸಂಬಳ ತಿಂಗಳಿಗೆ 40,000 ಎಂದುಕೊಳ್ಳಿ. ಮೊದಲ 1,000 ರೂಪಾಯಿ ಬಿಡಬೇಕು. ಉಳಿದ 39,000ದಲ್ಲಿ ಮೂರನೇ ಎರಡು ಪಾಲು, ಅಂದರೆ 26,000 ಕೂಡ ಮುಟ್ಟುವಂತಿಲ್ಲ. ಜಪ್ತಿಗೆ ಸಿಗುವುದು 13,000, ಮನೆಗೆ ಬರುವುದು 27,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಹಿಡಿದುಕೊಂಡ ಮೇಲೆ ಆ ಡಿಕ್ರಿಗೆ ಸಂಬಳ ಮತ್ತೆ ಸಿಗುವುದಿಲ್ಲ. 13,000 ಸಣ್ಣ ಮೊತ್ತವೇನಲ್ಲ, ಬೆಂಗಳೂರಿನಲ್ಲಿ ಒಂದು ಪುಟ್ಟ ಮನೆಯ ಬಾಡಿಗೆ. ಆದರೂ ‘ಪೂರ್ತಿ ಸಂಬಳ’ಕ್ಕೂ ಇದಕ್ಕೂ ಬಹಳ ದೂರ. ಸೈಟು, ಕಾರು, ಬೇರೆ ಠೇವಣಿ ಇದ್ದರೆ ಮಾತ್ರ ಅವು ಜಪ್ತಿಗೆ ಸಿಗುತ್ತವೆ.

ಹಾಗಾದರೆ ಸೈಟನ್ನು ಹೆಂಡತಿ ಹೆಸರಿಗೆ ಬರೆದುಬಿಟ್ಟರೆ? ಪುಕ್ಕಟೆ ಸಲಹೆಗಳಲ್ಲಿ ಇದಕ್ಕಿಂತ ಅಪಾಯಕಾರಿ ಇನ್ನೊಂದಿಲ್ಲ. ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ರದ್ದು ಮಾಡಿಸಬಹುದು. ಅದಕ್ಕಿಂತ ಹೆಚ್ಚಾಗಿ, ಮೇಲೆ ಹೇಳಿದ 51ನೇ ಕಲಮಿನ ಬಂಧನದ ಕಾರಣಗಳಲ್ಲಿ ಇದೂ ಒಂದು. ಜೈಲಿಗೆ ಹೆದರಿ ಮಾಡಿದ ಕೆಲಸವೇ ಜೈಲಿನ ಬಾಗಿಲು ತೆರೆಯುತ್ತದೆ. ಡಿಕ್ರಿಯನ್ನು ಜಾರಿ ಮಾಡುವ ಅಮಲ್ಜಾರಿ ಕೋರ್ಟ್ ಆಸ್ತಿಪಾಸ್ತಿಯ ಪ್ರಮಾಣಪತ್ರ ಕೇಳಿದರೆ ಅದನ್ನೂ ಸರಿಯಾಗಿ ಕೊಡಬೇಕು. ಕೊಡದಿದ್ದರೆ ಅದಕ್ಕೇ ಮೂರು ತಿಂಗಳವರೆಗೆ ಸೆರೆ ಆಗಬಹುದು.

ಹೆಂಡತಿ-ಮಕ್ಕಳು ಸಾಲ ತೀರಿಸಬೇಕೇ? ಜಾಮೀನು ಹಾಕದಿದ್ದರೆ ಇಲ್ಲ. ಸಾಲ ಮಾಡಿದವರು ತೀರಿಕೊಂಡರೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗಷ್ಟೇ ವಾರಸುದಾರರ ಹೊಣೆ. ಆರೇಳು ವರ್ಷ ಸುಮ್ಮನಿದ್ದರೆ ಡಿಕ್ರಿ ಸಾಯುತ್ತದೆಯೇ? ಅದೂ ಇಲ್ಲ, ಅದರ ಆಯಸ್ಸು 12 ವರ್ಷ.

ಲೋಕ ಅದಾಲತ್ತಿನ ನೋಟಿಸ್ ಬಂದರೂ ಕೆಲವರು ಡಿಕ್ರಿ ಬಂದಷ್ಟೇ ಗಾಬರಿಯಾಗುತ್ತಾರೆ. ಇಬ್ಬರೂ ಒಪ್ಪದೆ ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಒಪ್ಪಿದರೆ ಮಾತ್ರ ಅದು ಅಂತಿಮ, ಮೇಲ್ಮನವಿ ಇಲ್ಲ. ಅಲ್ಲಿ ರಾಜಿಯಾದರೆ ದಾವೆಗೆ ಕಟ್ಟಿದ ಕೋರ್ಟ್ ಶುಲ್ಕ ಬ್ಯಾಂಕಿಗೆ ವಾಪಸ್ ಸಿಗುವುದರಿಂದ ಚೌಕಾಸಿಗೆ ಜಾಗವಿರುತ್ತದೆ. ಬಾಕಿಗಿಂತ ಕಡಿಮೆಗೆ ಮುಗಿಸಿಕೊಂಡರೆ ಸಿಬಿಲ್ ದಾಖಲೆಯಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ, ‘ಕ್ಲೋಸ್ಡ್’ ಅಲ್ಲ.

ಇದಕ್ಕೆ ತದ್ವಿರುದ್ಧ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ನೋಟಿಸು. ಚೆನ್ನೈಯಿಂದಲೋ ದೆಹಲಿಯಿಂದಲೋ ಮಧ್ಯಸ್ಥಗಾರರ ಹೆಸರಿನಲ್ಲಿ ಬಂದದ್ದನ್ನು ‘ಅದು ಕೋರ್ಟಲ್ಲ, ಯಾರೋ ವಕೀಲರು’ ಎಂದು ಬದಿಗಿಟ್ಟರೆ ಕೆಟ್ಟಂತೆ. ಅವರ ತೀರ್ಪಿಗೂ ಡಿಕ್ರಿಯಷ್ಟೇ ಬಲ. ಪ್ರಶ್ನಿಸಲು ಇರುವುದು ಮೂರು ತಿಂಗಳು, ಸಕಾರಣವಿದ್ದರೆ ಮೇಲೆ 30 ದಿನ, ಅಷ್ಟೇ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ಏಕೈಕ ಮಧ್ಯಸ್ಥಗಾರರನ್ನು ತಾವೇ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿರುವುದು ಇಲ್ಲಿ ಕೈಗೆ ಬರುವ ಆಧಾರ.

ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರಿಗೆ ಪ್ರತಿ ಜಿಲ್ಲಾ ಕೇಂದ್ರದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಏಜೆಂಟರು ಫೋನ್ ಮಾಡಿದರೆ ಅದು ರಿಸರ್ವ್ ಬ್ಯಾಂಕಿನ ನಿಯಮದ ಉಲ್ಲಂಘನೆ. ಮೊದಲು ಬ್ಯಾಂಕಿಗೆ ಬರೆದು ದೂರಬೇಕು, 30 ದಿನದಲ್ಲಿ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್‌ಗೆ ಹೋಗಬಹುದು.

ಕೊನೆಯದಾಗಿ, ಡಿಕ್ರಿಯ ಹಣವನ್ನು ಏಜೆಂಟನ ಕೈಗೆ ನಗದಾಗಿ ಕೊಟ್ಟು ‘ಎಲ್ಲ ಮುಗೀತು’ ಎಂದು ನೆಮ್ಮದಿಯಾಗಿ ಇರಬೇಡಿ. ಕೋರ್ಟಿನ ಹೊರಗೆ ಕೊಟ್ಟ ಹಣ ಕೋರ್ಟಿನ ದಾಖಲೆಗೆ ಸೇರದಿದ್ದರೆ ಅಮಲ್ಜಾರಿ ಕೋರ್ಟ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೇ ಡಿಕ್ರಿಯ ಮೇಲೆ ನಾಲ್ಕು ವರ್ಷ ಬಿಟ್ಟು ಮತ್ತೆ ಜಪ್ತಿ ಬರಬಹುದು. ಬ್ಯಾಂಕ್ ಮೂಲಕವೇ ಕಟ್ಟಿ, ರಾಜಿಯ ಪತ್ರವನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪಡೆದು, ಕಟ್ಟಿದ 30 ದಿನದೊಳಗೆ ‘ಡಿಕ್ರಿ ತೀರಿದೆ’ ಎಂದು ಅದೇ ಕೋರ್ಟಿನಲ್ಲಿ ದಾಖಲಿಸಿಕೊಳ್ಳಿ.